ನಿತ್ಯಾಭ್ಯಾಸವೂ ಚಾರಿತ್ರ್ಯವೂ



ಚಾತುರ್ಮಾಸ್ಯವು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಉತ್ಸಾಹವು ತಾನಾಗಿಯೇ ಮೂಡುತ್ತದೆ. ಪಂಚಾಂಗವನ್ನು ತೆರೆದು ಏಕಾದಶಿಗಳನ್ನು ಗುರುತಿಸಿಕೊಳ್ಳುತ್ತೇವೆ. ಪ್ರಥಮೈಕಾದಶಿಯಂದು ತಪ್ತಮುದ್ರಾಧಾರಣೆಗಾಗಿ ಮಠಕ್ಕೆ ಹೋಗುವ ಏರ್ಪಾಡು ಮಾಡಿಕೊಳ್ಳುತ್ತೇವೆ. ಮನೆಯ ಹೆಂಗಸರು ಶಾಕವ್ರತಕ್ಕೆ ಬೇಕಾದ ಪದಾರ್ಥಗಳನ್ನು ಹೊಂದಿಸಿಟ್ಟುಕೊಳ್ಳುತ್ತಾರೆ. ಈ ವರ್ಷವಾದರೂ ಎಲ್ಲವನ್ನೂ ಕ್ರಮವಾಗಿ ನಡೆಸಬೇಕೆಂಬ ಸಂಕಲ್ಪವು ಎಲ್ಲರ ಮನಸ್ಸಿನಲ್ಲಿಯೂ ಇರುತ್ತದೆ. ಕಾರ್ತಿಕ ಮಾಸದ ಉತ್ಥಾನದ್ವಾದಶಿ ಕಳೆದ ಮೇಲೆ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಾಲ್ಕು ತಿಂಗಳ ಈ ನಿಯಮಗಳಿಂದ ನಮ್ಮ ನಡೆ ನುಡಿಗಳಲ್ಲಿ ಉಳಿದುಬಂದುದೇನು? ನಾಲಗೆ ಮೊದಲಿಗಿಂತ ಹತೋಟಿಗೆ ಬಂದಿದೆಯೆ? ಕೋಪವು ಎಳ್ಳಷ್ಟಾದರೂ ತಗ್ಗಿದೆಯೆ? ಈ ಪ್ರಶ್ನೆಗೆ ಸಮಾಧಾನಕರವಾದ ಉತ್ತರವು ದೊರೆಯದಿದ್ದಲ್ಲಿ ದೋಷವು ವ್ರತದಲ್ಲಿಲ್ಲ. ನಿತ್ಯಾಭ್ಯಾಸಕ್ಕೂ ಚಾರಿತ್ರ್ಯಕ್ಕೂ ಇರುವ ನಂಟನ್ನು ನಾವು ಸರಿಯಾಗಿ ವಿಚಾರಿಸಿಲ್ಲವೆಂದೇ ತಿಳಿಯಬೇಕು. ಆ ವಿಚಾರವನ್ನು ಈ ಪಾಠದಲ್ಲಿ ಯಥಾಮತಿ ಮಾಡೋಣ.

ಸ್ವಭಾವವಿರಲು ಅಭ್ಯಾಸವೇಕೆ?

ನಮ್ಮ ಸಿದ್ಧಾಂತವನ್ನು ಸ್ವಲ್ಪವಾದರೂ ಕೇಳಿ ತಿಳಿದವರಿಗೆ ಮೊದಲಿಗೇ ಒಂದು ಸಂದೇಹವು ಹುಟ್ಟುವುದು ಸಹಜ. ಜೀವರಲ್ಲಿ ತಾರತಮ್ಯವುಂಟು. ಪ್ರತಿಯೊಬ್ಬ ಜೀವನ ಸ್ವರೂಪಯೋಗ್ಯತೆಯು ಅನಾದಿಯಾದುದು, ಅದು ಮಾರ್ಪಡುವುದಿಲ್ಲ. ಹಾಗಿರುವಾಗ ಬೆಳಗ್ಗೆ ಬೇಗ ಏಳುವುದರಿಂದಲೋ ಮಿತವಾಗಿ ಉಣ್ಣುವುದರಿಂದಲೋ ಆಗತಕ್ಕದ್ದೇನು? ಒಳ್ಳೆಯ ಸ್ವಭಾವದವನು ಒಳ್ಳೆಯವನಾಗಿಯೇ ಇರುವನಲ್ಲವೆ? ಪ್ರವಚನ ಮುಗಿದ ಮೇಲೆ ತರುಣರು ಹಲವು ಬಾರಿ ಈ ಪ್ರಶ್ನೆಯನ್ನು ಎತ್ತುತ್ತಾರೆ. ಕೆಲವರು ಇದನ್ನೇ ತಮ್ಮ ಆಲಸ್ಯಕ್ಕೆ ಆಶ್ರಯವನ್ನಾಗಿಯೂ ಮಾಡಿಕೊಳ್ಳುತ್ತಾರೆ.

ಶ್ರೀಮದಾಚಾರ್ಯರು ಇದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಜೀವನ ಸಾಧನೆಗೆ ಯೋಗ್ಯತೆ, ಅನಾದಿಕರ್ಮ ಮತ್ತು ಪ್ರಯತ್ನ ಎಂಬ ಮೂರೂ ಬೇಕೆಂದು ಅವರು ತಿಳಿಸಿದ್ದಾರೆ. ಈ ಮೂರೂ ಶ್ರೀಹರಿಯ ಅಧೀನವಾಗಿಯೇ ನಡೆಯತಕ್ಕವು. ಮೂರರಲ್ಲಿ ಪ್ರಯತ್ನವೂ ಒಂದು ಎಂಬುದನ್ನು ಮರೆಯಬಾರದು. ಯೋಗ್ಯತೆಯು ಒಳಗೆ ಇದ್ದರೂ ಪ್ರಯತ್ನವಿಲ್ಲದೆ ಅದು ಹೊರಗೆ ಪ್ರಕಟವಾಗದು.

ವಿದ್ಯುದ್ದೀಪ ಬರುವುದಕ್ಕೆ ಮುಂಚೆ ನಮ್ಮ ಹಿರಿಯರ ಮನೆಗಳಲ್ಲಿ ಕಂದೀಲು ಉರಿಯುತ್ತಿತ್ತು. ಪ್ರತಿದಿನವೂ ಸಂಜೆ ಮನೆಯ ಅಜ್ಜಿಯು ಅದರ ಗಾಜನ್ನು ತೆಗೆದು, ಒಣಗಿದ ಬೂದಿಯನ್ನು ಬಟ್ಟೆಗೆ ಹಚ್ಚಿ, ಒಳಗಿನ ಕಾಡಿಗೆಯನ್ನು ಒರೆಸುತ್ತಿದ್ದಳು. ಒರೆಸುವುದರಿಂದ ಬೆಳಕು ಹುಟ್ಟಲಿಲ್ಲ. ಬೆಳಕು ಬತ್ತಿಯದು, ಎಣ್ಣೆಯದು. ಆದರೆ ಒರೆಸದೆ ಎರಡು ದಿನ ಬಿಟ್ಟರೆ ಉರಿಯುವ ದೀಪವಿದ್ದೂ ಕೋಣೆಯು ಮಬ್ಬಾಗುತ್ತಿತ್ತು. ನಿನ್ನೆ ಒರೆಸಿದ್ದೇನೆ, ಇಂದು ಬೇಡ ಎಂದು ಯಾವ ಅಜ್ಜಿಯೂ ಹೇಳಲಿಲ್ಲ. ಉರಿಯುವಾಗಲೇ ಕಾಡಿಗೆ ಕೂಡುವುದರಿಂದ ಒರೆಸುವ ಕೆಲಸವೂ ನಿತ್ಯದ್ದಾಗಿತ್ತು. ನಮ್ಮ ನಿತ್ಯಾನುಷ್ಠಾನಗಳ ಪ್ರಯೋಜನವನ್ನು ಹೀಗೆಯೇ ತಿಳಿಯಬೇಕು. ಅವು ಇಲ್ಲದ ಗುಣವನ್ನು ಸೃಷ್ಟಿಸುವುದಿಲ್ಲ. ಇರುವ ಗುಣವನ್ನು ಮುಚ್ಚಿರುವ ಮಸಿಯನ್ನು ದಿನದಿನವೂ ತೆಗೆಯುತ್ತವೆ.

ದಿನದ ಕ್ರಮ

ಶ್ರೀಮದಾಚಾರ್ಯರು ಬ್ರಹ್ಮಸೂತ್ರಗಳಿಗೆ ಭಾಷ್ಯವನ್ನು ರಚಿಸಿದ ಮಹಾಜ್ಞಾನಿಗಳು. ಅಂಥವರು ಗೃಹಸ್ಥನು ಬೆಳಗ್ಗೆ ಏಳುವುದು, ಶೌಚ, ಸ್ನಾನ, ಸಂಧ್ಯಾವಂದನೆ, ಪೂಜೆ, ಭೋಜನಗಳಂಥ ಸಣ್ಣ ವಿಷಯಗಳನ್ನು ಕುರಿತು "ಸದಾಚಾರಸ್ಮೃತಿ" ಎಂಬ ಪ್ರತ್ಯೇಕ ಗ್ರಂಥವನ್ನೇ ಅನುಗ್ರಹಿಸಿದರು. ಇದು ಆಲೋಚಿಸತಕ್ಕ ಸಂಗತಿ. ದೊಡ್ಡ ತತ್ತ್ವವನ್ನು ಬೋಧಿಸಿದವರು ಚಿಕ್ಕ ಕ್ರಿಯೆಗಳನ್ನು ಉಪೇಕ್ಷಿಸಲಿಲ್ಲ. ಆ ಗ್ರಂಥದ ಆರಂಭದಲ್ಲಿಯೇ ಸಕಲ ಕರ್ಮಗಳನ್ನೂ ಅಚ್ಯುತನಲ್ಲಿ ಸಮರ್ಪಿಸುವ ಭಾವವು ಬಂದಿದೆ. ಹಲ್ಲುಜ್ಜುವುದೂ ಭಗವದಾರಾಧನೆಯ ಒಂದು ಅಂಗವೆಂದಾದ ಮೇಲೆ ಅದನ್ನು ಅಲಕ್ಷ್ಯದಿಂದ ಮಾಡಲು ಮನಸ್ಸು ಒಪ್ಪುವುದೆ?

ಅರುಣೋದಯ ಕಾಲವೆಂದರೆ ಸೂರ್ಯೋದಯಕ್ಕೆ ಹಿಂದಿನ ೪ ಘಳಿಗೆಗಳು. ಒಂದು ಘಳಿಗೆಗೆ ೨೪ ನಿಮಿಷಗಳಾದುದರಿಂದ ಇದು ೯೬ ನಿಮಿಷಗಳ ಕಾಲ. ಈ ಹೊತ್ತಿನಲ್ಲಿ ಎದ್ದು ಹರಿಸ್ಮರಣೆ ಮಾಡುವುದು ಹಿರಿಯರ ಪದ್ಧತಿ. ಇದನ್ನು ನಾವೆಲ್ಲರೂ ಬಲ್ಲೆವು. ಬಲ್ಲೆವಾದರೂ ನಡೆಸಲಾರದೆ ಹೋಗುವುದಕ್ಕೆ ಕಾರಣವೇನು? ಏಳುವ ಹೊತ್ತನ್ನು ಕುರಿತು ಯೋಚಿಸುತ್ತೇವೆಯೇ ಹೊರತು ಮಲಗುವ ಹೊತ್ತನ್ನು ಕುರಿತು ಯೋಚಿಸುವುದಿಲ್ಲ. ವಯಸ್ಕರಿಗೆ ರಾತ್ರಿ ಕನಿಷ್ಠ ೭ ಗಂಟೆಗಳ ನಿದ್ರೆಯೂ, ೬ರಿಂದ ೧೨ ವರ್ಷದ ಮಕ್ಕಳಿಗೆ ೯ರಿಂದ ೧೨ ಗಂಟೆಗಳ ನಿದ್ರೆಯೂ ಅಗತ್ಯವೆಂದು ವೈದ್ಯರು ಹೇಳುತ್ತಾರೆ. ಬೆಳಗ್ಗೆ ೫ ಗಂಟೆಗೆ ಏಳಬಯಸುವವನು ರಾತ್ರಿ ೧೦ಕ್ಕೆ ದೀಪವಾರಿಸಲೇಬೇಕು. ಹನ್ನೆರಡರ ತನಕ ದೂರದರ್ಶನವನ್ನೋ ಮೊಬೈಲನ್ನೋ ನೋಡುತ್ತಿದ್ದು, ಬೆಳಗ್ಗೆ ಏಳಲಾಗಲಿಲ್ಲವೆಂದು ಕಲಿಕಾಲವನ್ನು ದೂಷಿಸುವುದು ನ್ಯಾಯವಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ ಎಚ್ಚರವಾಗಿಯೇ ಇರುವವನಿಗೂ ಯೋಗವು ಸಿದ್ಧಿಸದೆಂದು ಹೇಳಿದ್ದಾನೆ. ಮಿತವಾದ ನಿದ್ರೆ ಆಹಾರಗಳು ಯೋಗದ ಅಂಗವೇ ಆಗಿವೆ ಎಂದ ಮೇಲೆ ಅವನ್ನು ಕೇವಲ ದೇಹದ ವಿಷಯವೆಂದು ತಳ್ಳಿಬಿಡಲಾಗದು.

ಒಂದು ಮನೆಯ ಪ್ರಸಂಗ

ಇಲ್ಲಿ ಈ ಲೇಖಕನ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಸಂಕೋಚದಿಂದಲೇ ನಿವೇದಿಸುತ್ತೇನೆ. ಇದು ಬಹಳ ವರ್ಷಗಳ ಹಿಂದಿನ ಮಾತು. ಆಗ ಮಗನಿಗೆ ಐದು ವರ್ಷ, ಮಗಳಿಗೆ ಮೂರು ವರ್ಷ. ಒಂದು ರಜೆಯ ದಿನ ಮಧ್ಯಾಹ್ನ ಮಕ್ಕಳು ಪಡಸಾಲೆಯಲ್ಲಿ ಪೂಜೆಯ ಆಟವಾಡುತ್ತಿದ್ದರು. ಮಗನು ಮಣೆಯ ಮೇಲೆ ಕುಳಿತು, ಸೊಂಟಕ್ಕೆ ನನ್ನ ಅಂಗವಸ್ತ್ರವನ್ನು ಸುತ್ತಿಕೊಂಡು, ಎದುರಿಗೆ ನಾಲ್ಕು ಕಲ್ಲುಗಳನ್ನಿರಿಸಿಕೊಂಡಿದ್ದನು. ಲೋಟಕ್ಕೆ ಚಮಚವನ್ನು ಬಡಿಯುವುದೇ ಗಂಟೆಯ ನಾದ. ಒಳಗೆ ಕುಳಿತಿದ್ದ ನನಗೂ ನನ್ನ ತಾಯಿಗೂ ಅದನ್ನು ಕಂಡು ಬಹಳ ಸಂತೋಷವಾಯಿತು. ವಂಶದ ಸಂಸ್ಕಾರವು ತಾನಾಗಿ ಬಂದಿದೆಯೆಂದು ನಾನು ಒಳಗೊಳಗೇ ಹಿಗ್ಗಿದೆನು.

ಅಷ್ಟರಲ್ಲಿ ಪುಟ್ಟ ಮಗಳು ಅಂಗಳದಿಂದ ಒಂದು ದಾಸವಾಳದ ಹೂವನ್ನು ಕಿತ್ತು ತಂದು, ಅಣ್ಣನ ಭುಜವನ್ನು ಮುಟ್ಟಿ, "ದೇವರಿಗೆ" ಎಂದು ಚಾಚಿದಳು. ಹುಡುಗನು ತಟ್ಟನೆ ಹಿಂದೆ ತಿರುಗಿ, ಬೆರಳನ್ನೆತ್ತಿ, "ಮುಟ್ಟಬೇಡ ಎಂದು ಎಷ್ಟು ಸಲ ಹೇಳಬೇಕು? ಬುದ್ಧಿ ಇಲ್ಲವೆ ನಿನಗೆ? ಎಲ್ಲಾ ಹಾಳುಮಾಡಿದೆ!" ಎಂದು ಗದರಿಸಿದನು. ಮಾತು ನನ್ನದು, ದನಿಯ ಏರಿಳಿತವೂ ನನ್ನದು. ಬೆರಳನ್ನೆತ್ತುವ ರೀತಿಯೂ ನನ್ನದೇ ಆಗಿತ್ತು. ಗದರಿಸಿಯಾದ ಮೇಲೆ ಏನೂ ನಡೆಯದವನಂತೆ ಕಲ್ಲುಗಳತ್ತ ತಿರುಗಿ ಮತ್ತೆ ಗಂಟೆ ಬಾರಿಸತೊಡಗಿದನು. ಮಗು ಹೂವನ್ನು ಕೈಯಲ್ಲಿ ಹಿಡಿದೇ ಅಳುತ್ತ ನಿಂತಿತು.

ನಾನು ಮಗನನ್ನು ದಂಡಿಸಲು ಎದ್ದೆನು. ನನ್ನ ತಾಯಿ ತಡೆದರು. "ಕೂತುಕೋಪ್ಪಾ. ಅವನನ್ನು ಯಾಕೆ ಬೈತೀಯೆ? ದಿನಾ ಬೆಳಗ್ಗೆ ಕಂಡ ಪೂಜೆಯನ್ನೇ ಅವನು ಮಾಡಿದ್ದಾನೆ" ಎಂದರು. ಅದಕ್ಕಿಂತ ಹೆಚ್ಚಿಗೆ ಒಂದು ಮಾತನ್ನೂ ಅವರು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಮಡಿಯು ಶ್ರೇಷ್ಠವಾದ ಆಚಾರವೆಂಬುದರಲ್ಲಿ ಎರಡು ಮಾತಿಲ್ಲ. ಶುಚಿತ್ವ, ಏಕಾಗ್ರತೆ, ಭಗವಂತನ ಸನ್ನಿಧಿಗೆ ತಕ್ಕ ಗೌರವ ಇವು ಅದರ ಉದ್ದೇಶಗಳು. ಆದರೆ ಮಡಿಯುಟ್ಟ ನಾನು ಮನೆಯವರ ಮೇಲೆ ಎಗರುತ್ತಿದ್ದೆನಾದುದರಿಂದ ಐದು ವರ್ಷದ ಬಾಲಕನು ಆ ಕೋಪವನ್ನೂ ಪೂಜೆಯ ವಿಧಿಗಳಲ್ಲೊಂದೆಂದು ಕಲಿತಿದ್ದನು. ಸಂಕಲ್ಪ, ಅಭಿಷೇಕ, ನೈವೇದ್ಯ, ನಡುವೆ ಗದರಿಕೆ! ಶ್ರೇಷ್ಠರು ಏನನ್ನು ಆಚರಿಸುವರೋ ಅದನ್ನೇ ಜನರು ಅನುಸರಿಸುವರೆಂದು ಗೀತಾಚಾರ್ಯನು ಹೇಳಿದ್ದಾನಷ್ಟೆ. ಮಕ್ಕಳಿಗೆ ತಂದೆತಾಯಿಯರೇ ಶ್ರೇಷ್ಠರು. ನಾವು ಹೇಳಿಕೊಟ್ಟುದು ಅವರಿಗೆ ಪಾಠವಾಗುವುದು ಬಹಳ ನಿಧಾನ. ನಾವು ಮಾಡಿದುದು ಪಾಠವಾಗುವುದು ಬಲು ಬೇಗ.

ದೋಷದ ಬೇರು

ಅಂದು ರಾತ್ರಿ ನಾನು ಇನ್ನು ಮೇಲೆ ಕೋಪಿಸಿಕೊಳ್ಳುವುದಿಲ್ಲವೆಂದು ದೃಢವಾಗಿ ನಿಶ್ಚಯಿಸಿದೆನು. ನಿಶ್ಚಯವು ಮೂರನೆಯ ದಿನ ಮುರಿದುಬಿದ್ದಿತು. ಆಮೇಲೆ ನಿಧಾನವಾಗಿ ಆಲೋಚಿಸಿದಾಗ ಒಂದು ವಿಷಯವು ಮನಸ್ಸಿಗೆ ಹೊಳೆಯಿತು. ಕಚೇರಿಯ ಬಸ್ಸು ಎಂಟೂವರೆಗೆ. ನಾನು ಏಳುತ್ತಿದ್ದುದು ಆರೂಮುಕ್ಕಾಲಿಗೆ. ಸ್ನಾನ, ಸಂಧ್ಯಾವಂದನೆ, ಪೂಜೆ, ಊಟ ಇಷ್ಟೂ ಒಂದೂಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು. ತಡವಾಗಿ ಏಳಲು ಕಾರಣ ತಡವಾಗಿ ಮಲಗುವುದು. ತಡವಾಗಿ ಮಲಗಲು ಕಾರಣ ಊಟವಾದ ಮೇಲೆ ನೆರೆಯವರೊಡನೆ ಹನ್ನೊಂದರವರೆಗೆ ನಡೆಯುತ್ತಿದ್ದ ಕಾಡುಹರಟೆ. ನಿದ್ದೆ ಸಾಲದ ದೇಹ, ಕಾಲ ಸಾಲದ ಪೂಜೆ. ಆ ಹೊತ್ತಿನಲ್ಲಿ ಯಾರಾದರೂ ಅಡ್ಡ ಬಂದರೆ ಕೋಪವು ಸಿದ್ಧವಾಗಿಯೇ ಇರುತ್ತಿತ್ತು. ಬೆಳಗಿನ ಕೋಪದ ಬೇರು ಹಿಂದಿನ ರಾತ್ರಿಯ ಜಗಲಿಯ ಮೇಲಿತ್ತು.

ಕೋಪವನ್ನು ನೇರವಾಗಿ ಹಿಡಿಯಲು ಹೋಗಿ ಸೋತ ನಾನು ಮಲಗುವ ಹೊತ್ತನ್ನು ಹಿಡಿದೆನು. ಹತ್ತು ಗಂಟೆಗೆ ಜಗಲಿಯಿಂದ ಏಳತೊಡಗಿದೆನು. ಮೊದಮೊದಲು ಬಹಳ ಕಷ್ಟವೆನಿಸಿತು, ನೆರೆಯವರು ಹಾಸ್ಯವನ್ನೂ ಮಾಡಿದರು. ಬೆಳಗ್ಗೆ ಐದೂವರೆಗೆ ಏಳುವುದು ರೂಢಿಯಾದ ಬಳಿಕ ಪೂಜೆಯಲ್ಲಿ ಅವಸರವು ತಾನಾಗಿ ತಗ್ಗಿತು. ಅವಸರ ತಗ್ಗಿದಂತೆ ದನಿಯೂ ತಗ್ಗಿತು. ಸಂಪೂರ್ಣವಾಗಿ ಕೋಪವನ್ನು ಗೆದ್ದೆನೆಂದು ಹೇಳಿದರೆ ಮನೆಯವರು ನಕ್ಕಾರು. ಆದರೆ ಮುಂದಿನ ಚಾತುರ್ಮಾಸ್ಯದ ಹೊತ್ತಿಗೆ ಮಗಳು ಹೂವಿನ ಬುಟ್ಟಿಯನ್ನು ದೇವರ ಮನೆಯ ಹೊಸ್ತಿಲಿನ ಹೊರಗಿಟ್ಟು, ಅಲ್ಲಿಯೇ ಕುಳಿತು, ಭಯವಿಲ್ಲದೆ ಪೂಜೆಯನ್ನು ನೋಡತೊಡಗಿದಳು. ಇಂದು ಅವಳು ತನ್ನ ಮನೆಯಲ್ಲಿ ಗೃಹಿಣಿಯಾಗಿದ್ದಾಳೆ. ಆ ದಿನದ ಅಳು ಅವಳಿಗೆ ನೆನಪಿಲ್ಲ. ನನಗೆ ನೆನಪಿದೆ.

ಈ ಪ್ರಸಂಗದಿಂದ ತಿಳಿಯಬೇಕಾದುದು ಇಷ್ಟೆ. ನಮ್ಮ ದೊಡ್ಡ ದೋಷಗಳು ಸಣ್ಣ ಅಭ್ಯಾಸಗಳ ಸರಪಣಿಯ ಕೊನೆಯಲ್ಲಿ ತೂಗುತ್ತಿರುತ್ತವೆ. ಕೊನೆಯ ಕೊಂಡಿಯನ್ನು ಎಳೆದರೆ ಅದು ಕದಲುವುದಿಲ್ಲ. ಮೊದಲ ಕೊಂಡಿಯನ್ನು ಹುಡುಕಿ ಬಿಡಿಸಬೇಕು. ಅದು ಬಹುಮಟ್ಟಿಗೆ ನಿದ್ರೆ, ಆಹಾರ, ವೇಳೆ, ಮಾತು ಇವುಗಳಲ್ಲಿ ಯಾವುದೋ ಒಂದು ಅತಿ ಸಾಮಾನ್ಯವಾದ ಸಂಗತಿಯಾಗಿರುತ್ತದೆ.

ದೇಹ, ಮಾತು, ಮನಸ್ಸು

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ದೇವತೆಗಳನ್ನೂ ಗುರುಹಿರಿಯರನ್ನೂ ಪೂಜಿಸುವುದು, ಶುಚಿತ್ವ, ಸರಳತೆ, ಅಹಿಂಸೆ ಮುಂತಾದವು ದೇಹದ ತಪಸ್ಸು. ಇತರರಿಗೆ ಉದ್ವೇಗವನ್ನುಂಟುಮಾಡದ, ಸತ್ಯವೂ ಪ್ರಿಯವೂ ಹಿತವೂ ಆದ ಮಾತು ಮತ್ತು ಸ್ವಾಧ್ಯಾಯ ಇವು ವಾಕ್ಕಿನ ತಪಸ್ಸು. ಪ್ರಸನ್ನತೆ, ಸೌಮ್ಯತೆ, ಮೌನ, ಆತ್ಮನಿಗ್ರಹ, ಭಾವಶುದ್ಧಿ ಇವು ಮನಸ್ಸಿನ ತಪಸ್ಸು. ತಪಸ್ಸೆಂದರೆ ಕಾಡಿಗೆ ಹೋಗಿ ಮಾಡತಕ್ಕದ್ದೆಂದು ತಿಳಿದವರು ಈ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ಇದರಲ್ಲಿ ಅಡುಗೆಮನೆಯಲ್ಲಿಯೂ ಕಚೇರಿಯಲ್ಲಿಯೂ ನಡೆಸಲಾಗದ್ದು ಒಂದಾದರೂ ಇದೆಯೆ? ಮಾತನ್ನು ಹೇಳುವಾಗ ಸತ್ಯವೊಂದನ್ನೇ ಹೇಳಿ ಬಿಡಲಿಲ್ಲ, ಅದರ ಜೊತೆಗೆ ಹಿತವೂ ಪ್ರಿಯವೂ ಸೇರಿದೆ. "ಇದ್ದದ್ದನ್ನು ಇದ್ದ ಹಾಗೆ ಹೇಳುವವನು ನಾನು" ಎಂದು ಮನೆಯವರನ್ನು ನೋಯಿಸುವವರು ಈ ತಪಸ್ಸಿನ ಮೂರರಲ್ಲೊಂದು ಪಾಲನ್ನು ಮಾತ್ರ ಮಾಡಿದಂತಾಯಿತು.

ದೇಹವನ್ನು ಕಡೆಗಣಿಸುವುದೂ ನಮ್ಮ ಸಂಪ್ರದಾಯಕ್ಕೆ ಒಪ್ಪಿದ್ದಲ್ಲ. ನಾರಾಯಣ ಪಂಡಿತಾಚಾರ್ಯರು "ಸುಮಧ್ವವಿಜಯ"ದಲ್ಲಿ ಬಾಲಕನಾದ ವಾಸುದೇವನು ಓಟ, ನೆಗೆತ, ಈಜು, ಮಲ್ಲಯುದ್ಧಗಳಲ್ಲಿ ಗೆಳೆಯರನ್ನೆಲ್ಲ ಮೀರಿಸಿದುದನ್ನು ಹರ್ಷದಿಂದ ವರ್ಣಿಸಿದ್ದಾರೆ. ಆಟದಲ್ಲಿಯೇ ಕಾಲ ಕಳೆಯುವನೆಂದು ಆಕ್ಷೇಪಿಸಿದ ಗುರುಗಳಿಗೆ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿ ತೋರಿಸಿದ ಪ್ರಸಂಗವೂ ಅಲ್ಲಿದೆ. ನಮ್ಮ ಮಕ್ಕಳಿಗೆ ಪಾಠವೂ ಬೇಕು, ಬಯಲೂ ಬೇಕು. ಹಿರಿಯರೂ ನಡೆಯುವ ರೂಢಿಯನ್ನು ಬಿಡಬಾರದು. ವಯಸ್ಕರು ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಕಾಲ ಬಿರುಸಾದ ನಡಿಗೆಯಂಥ ಮಧ್ಯಮ ಪ್ರಮಾಣದ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ತಿಳಿಸಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ ಲೆಕ್ಕವು ಸರಿಹೋಗುತ್ತದೆ. ವಾಹನವನ್ನು ಮನೆಯಲ್ಲಿಟ್ಟು ದೇವಸ್ಥಾನಕ್ಕೆ ನಡೆದೇ ಬರುವವರಿಗೆ ದರ್ಶನವೂ ಆರೋಗ್ಯವೂ ಒಟ್ಟಿಗೆ ಲಭಿಸುತ್ತವೆ.

ನಾಲಗೆಯ ಶಿಕ್ಷಣ

ಚಾತುರ್ಮಾಸ್ಯದ ವ್ರತಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳ ಸೊಗಸು ಮತ್ತಷ್ಟು ತಿಳಿಯುತ್ತದೆ. ಮೊದಲ ತಿಂಗಳು ಶಾಕವ್ರತ, ಎರಡನೆಯದರಲ್ಲಿ ದಧಿವ್ರತ, ಮೂರನೆಯದರಲ್ಲಿ ಕ್ಷೀರವ್ರತ, ನಾಲ್ಕನೆಯದರಲ್ಲಿ ದ್ವಿದಳವ್ರತ. ಮೊದಲು ತರಕಾರಿ, ಬಳಿಕ ಮೊಸರು, ಬಳಿಕ ಹಾಲು, ಕೊನೆಗೆ ಬೇಳೆಗಳು. ಒಂದೊಂದು ತಿಂಗಳು ಒಂದೊಂದನ್ನು ಬಿಡುವುದು. ಎಲ್ಲವನ್ನೂ ಒಮ್ಮೆಗೇ ಬಿಡಿರೆಂದು ಹೇಳಿಲ್ಲ. ಎಂದೆಂದಿಗೂ ಬಿಡಿರೆಂದೂ ಹೇಳಿಲ್ಲ. ಶಾಕವ್ರತದ ತಿಂಗಳಲ್ಲಿ ಹುಣಿಸೆಹಣ್ಣು, ಮೆಣಸಿನಕಾಯಿಗಳಿಲ್ಲದೆ ಹೆಸರುಬೇಳೆ, ಕಾಳುಮೆಣಸು, ಜೀರಿಗೆಗಳಿಂದಲೇ ನಮ್ಮ ತಾಯಂದಿರು ಎಷ್ಟೊಂದು ಬಗೆಯ ಅಡುಗೆಗಳನ್ನು ಮಾಡಿ ಬಡಿಸುತ್ತಾರೆ! ಬೇಕೆನಿಸಿದ್ದು ಇಲ್ಲದೆಯೂ ಸುಖವಾಗಿರಬಹುದೆಂಬುದನ್ನು ನಾಲಗೆಯು ನಾಲ್ಕು ತಿಂಗಳಲ್ಲಿ ನಾಲ್ಕು ಬಾರಿ ಕಲಿಯುತ್ತದೆ. ಹೀಗೆ ಕಲಿತ ನಾಲಗೆಯು ಮಾತಿನಲ್ಲಿಯೂ ಅಷ್ಟೇ ಸಂಯಮವನ್ನು ತೋರಬೇಕು. ಮೊಸರನ್ನು ಬಿಟ್ಟು ಪರನಿಂದೆಯನ್ನು ಹಿಡಿದರೆ ವ್ರತವು ಅರ್ಧದಲ್ಲಿಯೇ ನಿಂತಿತೆಂದು ತಿಳಿಯಬೇಕು.

ಏಕಾದಶಿಯ ಉಪವಾಸವೂ ಹೀಗೆಯೇ. ದಶಮಿಯಂದು ಒಂದು ಹೊತ್ತಿನ ಊಟ, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಸಕಾಲದಲ್ಲಿ ಪಾರಣೆ. ಈ ಮೂರು ದಿನಗಳ ಕ್ರಮದಲ್ಲಿ ಹಸಿವನ್ನು ನಾವು ಆಳುವೆವೋ ಹಸಿವು ನಮ್ಮನ್ನು ಆಳುವುದೋ ಎಂಬ ಪರೀಕ್ಷೆಯು ಹದಿನೈದು ದಿನಗಳಿಗೊಮ್ಮೆ ನಡೆಯುತ್ತದೆ. ಇದರೊಡನೆ ವಿವೇಕವೂ ಇರತಕ್ಕದ್ದು. ಬಾಲರು, ವೃದ್ಧರು, ರೋಗಿಗಳು ಇವರ ವಿಷಯದಲ್ಲಿ ಧರ್ಮಶಾಸ್ತ್ರವು ದಯೆಯಿಂದ ವಿನಾಯಿತಿಗಳನ್ನು ತೋರಿಸಿದೆ. ಮಧುಮೇಹಕ್ಕೆ ಔಷಧವನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ನಿರಾಹಾರವಿದ್ದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯುವ ಸಂಭವವುಂಟು. ಅಂಥವರು ವೈದ್ಯರನ್ನೂ, ತಮ್ಮ ಮಠದ ಹಿರಿಯರನ್ನೂ ಕೇಳಿ ನಡೆದುಕೊಳ್ಳುವುದೇ ಸರಿ. ಮನೆಯ ವೃದ್ಧರು ಪ್ರತಿಷ್ಠೆಗಾಗಿ ದೇಹವನ್ನು ದಂಡಿಸುವುದೂ, ಆರೋಗ್ಯವಂತರಾದ ತರುಣರು ನೆಪ ಹೇಳಿ ಫಲಾಹಾರದ ಹೆಸರಿನಲ್ಲಿ ಊಟಕ್ಕಿಂತಲೂ ಹೆಚ್ಚಾಗಿ ತಿನ್ನುವುದೂ ಎರಡೂ ತಪ್ಪೇ.

ಉಳಿದ ದಿನಗಳಲ್ಲಿ ಏನು ಮಾಡಬೇಕು? ಕಾಲುಗಳನ್ನೂ ಕೈಗಳನ್ನೂ ತೊಳೆದು ಕುಳಿತುಕೊಳ್ಳುವುದು, ಬೇಕಾದಷ್ಟನ್ನೇ ಬಡಿಸಿಕೊಳ್ಳುವುದು, ಎಲೆಯಲ್ಲಿ ಬಿಡದಿರುವುದು, ಭಗವಂತನಿಗೆ ನಿವೇದಿತವಾದುದೆಂಬ ಸ್ಮರಣೆಯಿಂದ ಉಣ್ಣುವುದು. ಉಪ್ಪು ದಿನಕ್ಕೆ ೫ ಗ್ರಾಮಿಗಿಂತ ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಪ್ರೀತಿಸುವ ನಮ್ಮ ಮನೆಗಳವರು ಇದನ್ನು ನೆನಪಿನಲ್ಲಿಡಬೇಕು. ಊಟದ ಹೊತ್ತಿನಲ್ಲಿ ಮೊಬೈಲನ್ನು ದೂರವಿಟ್ಟರೆ ಉಂಡುದರ ಅರಿವೂ ಇರುತ್ತದೆ, ಬಡಿಸಿದವರ ಮುಖವೂ ಕಾಣುತ್ತದೆ.

ಯಾರೂ ಕಾಣದಿರುವಾಗ

ಚಾರಿತ್ರ್ಯದ ನಿಜವಾದ ಪರೀಕ್ಷೆಯು ಯಾರೂ ನೋಡದ ಸ್ಥಳದಲ್ಲಿ ನಡೆಯುತ್ತದೆ. ಅಂಗಡಿಯವನು ಮರೆತು ಹೆಚ್ಚಿಗೆ ಕೊಟ್ಟ ಚಿಲ್ಲರೆ, ಕಚೇರಿಯ ಕಾಗದ ಪೆನ್ನುಗಳು, ಕೈಗಡವಾಗಿ ತಂದ ಪುಸ್ತಕ, ದೇವಸ್ಥಾನಕ್ಕೆ ಹೇಳಿದ ಸೇವೆಯ ಹಣ ಇವೆಲ್ಲ ಸಣ್ಣ ವಿಷಯಗಳೆಂದು ತೋರುತ್ತವೆ. ಆಚಾರ್ಯರ ಬಾಲ್ಯದಲ್ಲಿ ಸಾಲಗಾರನೊಬ್ಬನು ಬಾಕಿಗಾಗಿ ಮನೆಯಲ್ಲಿಯೇ ಬಂದು ಪಟ್ಟುಹಿಡಿದು ಕುಳಿತಾಗ ಬಾಲಕನು ಹುಣಿಸೆಯ ಬೀಜಗಳನ್ನೇ ಅವನಿಗೆ ಕೊಟ್ಟು ತೃಪ್ತಿಪಡಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಮಹಿಮೆಯು ಅವರಿಗೇ ಮೀಸಲು. ನಾವು ಅದರಿಂದ ಕಲಿಯಬಹುದಾದುದು, ತಂದೆಯ ಋಣವನ್ನು ತೀರಿಸುವ ಕಾಳಜಿಯು ಅಷ್ಟು ಎಳೆಯ ವಯಸ್ಸಿನಲ್ಲಿಯೇ ತೋರಿತೆಂಬುದನ್ನು. ಕೊಡಬೇಕಾದುದನ್ನು ಕೇಳಿಸಿಕೊಳ್ಳದೆ ಕೊಡುವುದು ನಮ್ಮ ಕೈಯಲ್ಲಿಯೇ ಇದೆ.

ಯಾರೂ ಕಾಣುವುದಿಲ್ಲವೆಂಬ ಮಾತೇ ನಮ್ಮ ಸಿದ್ಧಾಂತದಲ್ಲಿ ನಿಲ್ಲುವುದಿಲ್ಲ. ಒಳಗೆ ಜೀವನ ಸ್ವರೂಪಭೂತವಾದ ಸಾಕ್ಷಿಯಿದೆ. ಮನಸ್ಸು ತನ್ನನ್ನು ತಾನು ಮೋಸಗೊಳಿಸಿಕೊಂಡೀತು, ಸಾಕ್ಷಿಯು ಮೋಸಹೋಗದು. ಅದಕ್ಕೂ ಒಳಗೆ ಬಿಂಬರೂಪಿಯಾದ ಶ್ರೀಹರಿಯು ಎಲ್ಲವನ್ನೂ ನೋಡುತ್ತಲೂ ಮಾಡಿಸುತ್ತಲೂ ಇದ್ದಾನೆ. ಹೂವನ್ನು ತಂದ ಮಗುವಿನಲ್ಲಿಯೂ, ಅಂಗಡಿಯವನಲ್ಲಿಯೂ, ಮನೆಗೆಲಸದವಳಲ್ಲಿಯೂ ಅಂತರ್ಯಾಮಿಯಾಗಿ ಅವನೇ ಇದ್ದಾನೆ. ದೇವರ ಮನೆಯಲ್ಲಿ ಅವನನ್ನು ಪೂಜಿಸಿ ಪಡಸಾಲೆಯಲ್ಲಿ ಅವನನ್ನು ಗದರಿಸುವುದು ಎಂಥ ಪೂಜೆ?

ಅಭ್ಯಾಸವು ಬೇರೂರುವ ಬಗೆ

ಮನಸ್ಸು ಚಂಚಲವೆಂದು ಅರ್ಜುನನು ಹೇಳಿಕೊಂಡಾಗ ಭಗವಂತನು ಅದನ್ನು ಅಲ್ಲಗಳೆಯಲಿಲ್ಲ. ಅಭ್ಯಾಸ ವೈರಾಗ್ಯಗಳಿಂದ ಅದನ್ನು ಹಿಡಿಯಬಹುದೆಂದನು. ಸಾತ್ತ್ವಿಕ ಸುಖವು ಅಭ್ಯಾಸದಿಂದಲೇ ರುಚಿಸತಕ್ಕದ್ದು, ಮೊದಲು ವಿಷದಂತೆ ತೋರಿ ಕೊನೆಗೆ ಅಮೃತವಾಗುವುದೆಂದು ಹದಿನೆಂಟನೆಯ ಅಧ್ಯಾಯವು ತಿಳಿಸುತ್ತದೆ. ಮೊದಲ ಕೆಲವು ದಿನಗಳ ಕಹಿಯನ್ನು ಕಂಡೇ ನಾವು ಹೆಚ್ಚಿನವರು ಹಿಂದೆಗೆಯುತ್ತೇವೆ.

ಎಷ್ಟು ದಿನ ಈ ಕಹಿಯನ್ನು ಸಹಿಸಬೇಕು? ಲಂಡನ್ನಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು ೯೬ ಮಂದಿಯ ಮೇಲೆ ನಡೆಸಿದ ಅಧ್ಯಯನವು ೨೦೧೦ರಲ್ಲಿ ಪ್ರಕಟವಾಯಿತು. ದಿನವೂ ಒಂದೇ ಸಂದರ್ಭದಲ್ಲಿ, ಉದಾಹರಣೆಗೆ ಬೆಳಗಿನ ಉಪಾಹಾರವಾದ ಕೂಡಲೇ, ಒಂದು ಹೊಸ ಒಳ್ಳೆಯ ಕ್ರಿಯೆಯನ್ನು ಮಾಡುವಂತೆ ಅವರಿಗೆ ಹೇಳಲಾಗಿತ್ತು. ಆ ಕ್ರಿಯೆಯು ಯತ್ನವಿಲ್ಲದೆ ತಾನಾಗಿ ನಡೆಯುವ ಸ್ಥಿತಿಗೆ ಬರಲು ಸುಮಾರು ೬೬ ದಿನಗಳು ಬೇಕಾದವು. ಕೆಲವರಿಗೆ ೧೮ ದಿನಗಳೇ ಸಾಕಾದರೆ, ಕೆಲವರಿಗೆ ೨೫೪ ದಿನಗಳು ಹಿಡಿಯಬಹುದೆಂದು ಲೆಕ್ಕಕ್ಕೆ ಬಂದಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಷ್ಟು ಹಾನಿಯಾಗಲಿಲ್ಲ. ನಮ್ಮ ಹಿರಿಯರು ಒಂದು ಮಂಡಲವೆಂದು ೪೮ ದಿನಗಳನ್ನೂ, ವ್ರತಕ್ಕೆಂದು ನಾಲ್ಕು ತಿಂಗಳುಗಳನ್ನೂ ಇರಿಸಿಕೊಂಡಿದ್ದಾರೆ. ನಾಲ್ಕು ತಿಂಗಳೆಂದರೆ ಸುಮಾರು ೧೨೦ ದಿನಗಳು. ಬಹುಮಂದಿಗೆ ಒಂದು ಅಭ್ಯಾಸವು ಬೇರೂರಲು ಇಷ್ಟು ಕಾಲವು ಸಾಕಾದೀತು.

ಹೊಸ ಅಭ್ಯಾಸವನ್ನು ಹಳೆಯ ಕೆಲಸವೊಂದಕ್ಕೆ ಗಂಟುಹಾಕುವ ಉಪಾಯವನ್ನೂ ನಮ್ಮ ಮನೆಗಳ ಹೆಂಗಸರು ಹಿಂದಿನಿಂದಲೇ ಬಲ್ಲರು. ಬೀಸುವಾಗ ಒಂದು ಹಾಡು, ಮೊಸರು ಕಡೆಯುವಾಗ ಇನ್ನೊಂದು, ರಂಗವಲ್ಲಿ ಇಡುವಾಗ ಮತ್ತೊಂದು. ಪುಸ್ತಕವನ್ನೇ ಹಿಡಿಯದ ಅಜ್ಜಿಯರು ಶ್ರೀವಾದಿರಾಜರ "ಲಕ್ಷ್ಮೀಶೋಭಾನೆ"ಯನ್ನೂ, ದಾಸರಾಯರ ನೂರಾರು ದೇವರನಾಮಗಳನ್ನೂ ಹೀಗೆಯೇ ಬಾಯಿಪಾಠ ಮಾಡಿಕೊಂಡರು. ಕೆಲಸಕ್ಕೆಂದು ಬೇರೆ ವೇಳೆ, ಸ್ಮರಣೆಗೆಂದು ಬೇರೆ ವೇಳೆ ಎಂಬ ವಿಂಗಡಣೆಯು ಅವರಿಗೆ ತಿಳಿದಿರಲಿಲ್ಲ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಮುಂದಿನ ಚಾತುರ್ಮಾಸ್ಯದಲ್ಲಿ ಆಹಾರದ ವ್ರತಗಳ ಜೊತೆಗೆ ಪ್ರತಿಯೊಬ್ಬರೂ ತಮಗೆ ತಕ್ಕ ಒಂದೇ ಒಂದು ಅಭ್ಯಾಸವನ್ನು ಸಂಕಲ್ಪಿಸಿಕೊಳ್ಳಲಿ. ಹತ್ತು ಗಂಟೆಗೆ ಮಲಗುವುದಾಗಲಿ, ಊಟದ ಮುಂಚೆ ಮೊಬೈಲನ್ನು ಬದಿಗಿಡುವುದಾಗಲಿ, ಪೂಜೆಯ ಹೊತ್ತಿನಲ್ಲಿ ದನಿಯೇರಿಸದಿರುವುದಾಗಲಿ, ಸಂಜೆ ಅರ್ಧ ಗಂಟೆ ನಡೆಯುವುದಾಗಲಿ, ಒಂದು ಸಾಕು. ಹತ್ತನ್ನು ಒಮ್ಮೆಗೇ ಹಿಡಿದವನ ಕೈಯಲ್ಲಿ ಒಂದೂ ಉಳಿಯದು. ತಪ್ಪಿದ ದಿನ ಭಗವಂತನಲ್ಲಿ ತಪ್ಪೊಪ್ಪಿಕೊಂಡು ಮರುದಿನ ಮತ್ತೆ ತೊಡಗತಕ್ಕದ್ದು. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಕುಳಿತು, ಇಂದು ಯಾರನ್ನು ನೋಯಿಸಿದೆ, ಯಾವ ಮಾತನ್ನು ತಪ್ಪಿದೆ ಎಂದು ನೆನೆದು, ಒಳ್ಳೆಯದು ನಡೆದಿದ್ದರೆ ಅದನ್ನು ಅವನಿಗೆ ಸಮರ್ಪಿಸಿ, ಅವನ ಸ್ಮರಣೆಯೊಡನೆ ನಿದ್ರಿಸುವುದು. ಮಾಡಿದವನು ನಾನೆಂಬ ಹಮ್ಮು ಅಂಟದಿರಲು ಈ ಸಮರ್ಪಣೆಯು ಬೇಕೇ ಬೇಕು.

ಸಂಜೆಯ ಕಂದೀಲು ಮರೆಯಾಯಿತು, ಅದನ್ನು ಒರೆಸುತ್ತಿದ್ದ ಕೈಗಳೂ ಮರೆಯಾದವು. ಒಳಗಿನ ಗಾಜಿಗೆ ಕಾಡಿಗೆ ಕೂಡುವುದು ಮಾತ್ರ ನಿಂತಿಲ್ಲ. ಅದನ್ನು ದಿನವೂ ಒರೆಸುವ ಬುದ್ಧಿಯನ್ನೂ, ಒರೆಸುವಾಗ ಬೇಸರಿಸದ ಮನಸ್ಸನ್ನೂ ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ನಮ್ಮ ಮಕ್ಕಳಿಗೂ ಕರುಣಿಸಲೆಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು